ಹೆಪ್ಪಿನ ಅವಸರ

ಕನ್ನಡದಲ್ಲಿ ಹಾಲಿಗೂ ಹೆಪ್ಪು, ನೀರಿಗೂ ಹೆಪ್ಪು. ಹಾಲು ಮೊಸರಾಗುವುದನ್ನೂ ನೀರು ಐಸಾಗುವುದನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೇವೆ. ಆದರೆ ಎರಡರ ಸ್ವಭಾವ ಎಣ್ಣೆ-ಸೀಗೇಕಾಯಿ. ಮೊಸರಿನ ಹೆಪ್ಪಿಗೆ ಉಗುರುಬೆಚ್ಚಗಿನ ಹಾಲು, ಮುಚ್ಚಿಟ್ಟ ಪಾತ್ರೆ, ಒಂದು ರಾತ್ರಿಯ ನೆಮ್ಮದಿ ಬೇಕು. ಐಸಿನ ಹೆಪ್ಪಿಗೆ ನೆಮ್ಮದಿಯೇ ಶತ್ರು. ಅದು ಎಷ್ಟು ಬೇಗ ಆದರೆ ಅಷ್ಟು ಚೆನ್ನ. ಫ್ರಿಡ್ಜಿನ ಮೇಲೆ ಹಿಮದ ಹೂವಿನ ಗುರುತು ಹಾಕಿಕೊಂಡು ಕೂತಿರುವ ಗುಂಡಿ ಇರುವುದು ಈ ಅವಸರಕ್ಕೆ.

ಕಂಪನಿಗೊಂದು ಹೆಸರು: ಸೂಪರ್ ಫ್ರೀಜ್, ಪವರ್ ಫ್ರೀಜ್, ಎಕ್ಸ್‌ಪ್ರೆಸ್ ಫ್ರೀಜ್. ಕೆಲಸ ಒಂದೇ. ಮಾಮೂಲಿ ದಿನಗಳಲ್ಲಿ ಫ್ರೀಜರ್ ಮೈನಸ್ 18 ಡಿಗ್ರಿ ಮುಟ್ಟಿದ ಕೂಡಲೇ ಕಂಪ್ರೆಸರ್ ‘ಸಾಕು’ ಅಂತ ಸುಮ್ಮನಾಗುತ್ತದೆ. ಗುಂಡಿ ಒತ್ತಿದರೆ ಆ ‘ಸಾಕು’ ಅನ್ನುವುದು ರದ್ದು. ಕಂಪ್ರೆಸರ್ ಬಿಡದೆ, ವೇಗ ಏರಿಸಿ ಇಳಿಸಬಲ್ಲ ಇನ್ವರ್ಟರ್ ಮಾದರಿಯಾದರೆ ಪೂರ್ತಿ ವೇಗದಲ್ಲಿ ಓಡುತ್ತದೆ; ಫ್ರೀಜರ್ ಮೈನಸ್ 24ರ ಆಸುಪಾಸಿಗೂ ಇಳಿಯಬಹುದು. ಪಕ್ಕದಲ್ಲಿರುವ ‘ಕೂಲ್’ ಗುಂಡಿಯ ವ್ಯವಹಾರ ಬೇರೆ. ಅದು ಕೆಳಗಿನ ಭಾಗವನ್ನು ನಾಲ್ಕೈದು ಡಿಗ್ರಿಯಿಂದ ಎರಡರ ಹತ್ತಿರ ತರುತ್ತದೆ, ಅಷ್ಟೆ. ಐಸ್ ಬೇಕಾದವರು ‘ಕೂಲ್’ ಒತ್ತಿ, ಬೆಳಿಗ್ಗೆ ತಣ್ಣನೆ ಗಾಳಿಯ ಕಿಂಡಿಗೆ ತಾಗಿದ ಕೊತ್ತಂಬರಿ ಸೊಪ್ಪು ಗಾಜಿನ ಹಾಗಾಗಿರುವುದನ್ನು ನೋಡುವುದುಂಟು.

‘ಫ್ರೀಜ್’ ಗುಂಡಿಯ ತಮಾಷೆ ಏನೆಂದರೆ, ಅವಸರಕ್ಕೆಂದೇ ಇದ್ದರೂ ಅವಸರದಲ್ಲಿರುವವರಿಗೆ ಇದು ದಕ್ಕುವುದಿಲ್ಲ. ನೆಂಟರು ಚಪ್ಪಲಿ ಬಿಟ್ಟು ಒಳಗೆ ಬಂದಮೇಲೆ ಒತ್ತಿದರೆ, ಅವರು ತಾಂಬೂಲ ಹಾಕಿಕೊಂಡು ಹೊರಡುವ ಹೊತ್ತಿಗೆ ಐಸ್ ಸಿದ್ಧ. ಸ್ವಲ್ಪ ಪದಾರ್ಥ ಇಡುವುದಾದರೆ ನಾಲ್ಕರಿಂದ ಆರು ಗಂಟೆ ಮುಂಚೆ, ಕಿಲೋಗಟ್ಟಲೆ ಇಡುವುದಾದರೆ ಹಿಂದಿನ ದಿನವೇ ಒತ್ತಬೇಕು. ಒಳಗಿರುವ ಹಳೆಯ ಸಾಮಾನೆಲ್ಲ ಇನ್ನಷ್ಟು ತಣ್ಣಗಾಗಿ, ಹೊಸದರ ಬಿಸಿಯನ್ನು ಹಂಚಿಕೊಳ್ಳಲು ತಯಾರಾಗಿರುತ್ತದೆ. ಸಾಮಾನು ಇಟ್ಟ ಮೇಲೆ ಒತ್ತುವುದು ಊಟಕ್ಕೆ ಕೂತವರ ಮುಂದೆ ಅಕ್ಕಿ ತೊಳೆದ ಹಾಗೆ.

ಅಷ್ಟು ಹೊತ್ತು ಯಾಕೆ ಬೇಕು ಅನ್ನುವುದಕ್ಕೆ ಒಂದು ಪುಟ್ಟ ಲೆಕ್ಕ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಸೊನ್ನೆಗೆ ತರಲು 30 ಕಿಲೋಕ್ಯಾಲೊರಿ ಶಾಖ ಹೊರಹಾಕಬೇಕು. ಸೊನ್ನೆಯಲ್ಲಿರುವ ಅದೇ ನೀರು ಗಟ್ಟಿಯಾಗಲು 80. ಗಟ್ಟಿಯಾದದ್ದು ಮೈನಸ್ 18ಕ್ಕೆ ಇಳಿಯಲು ಬರೀ 9. ಎಂದರೆ ನಡುವಿನ ಮೆಟ್ಟಿಲೇ ಬೆಟ್ಟ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿನಲ್ಲಿ ನಂದಿಯ ಹತ್ತಿರ ಕೂತು ಸುಧಾರಿಸಿಕೊಳ್ಳುವವರ ಹಾಗೆ, ಪದಾರ್ಥವೂ ಸೊನ್ನೆಗೂ ಮೈನಸ್ ಐದಕ್ಕೂ ನಡುವೆ ಕೂತುಬಿಡುತ್ತದೆ. ಕೆಡುವುದೂ ಅಲ್ಲೇ. ಅಲ್ಲಿ ಹೆಚ್ಚು ಹೊತ್ತು ಕೂತಷ್ಟೂ ಐಸಿನ ಹರಳು ದೊಡ್ಡದಾಗಿ, ಸೂಜಿಯಂತಾಗಿ, ಜೀವಕೋಶಗಳ ಗೋಡೆ ಹರಿಯುತ್ತದೆ. ಬೇಗ ದಾಟಿಸಿದರೆ ಹರಳು ಸಣ್ಣ, ಗಾಯವೂ ಸಣ್ಣ. ಬನ್ನೂರು ಕುರಿಯ ಮಾಂಸವೇ ಆದರೂ, ಎರಡು ಕಿಲೋ ಒಂದೇ ಗಂಟಾಗಿ ಫ್ರೀಜರಿಗೆ ತುರುಕಿದರೆ ಕರಗಿಸಿದಾಗ ತಟ್ಟೆ ತುಂಬ ಕೆಂಪು ನೀರು. ಮಾಂಸದ ರಸ ಅದು. ಸಾರಿಗೆ ಸೇರಬೇಕಾದದ್ದು ಸಿಂಕಿಗೆ ಹೋಯಿತು. ಕೆನಡಾದ ಲ್ಯಾಬ್ರಡಾರಿನ ಕೊರೆಯುವ ಗಾಳಿಯಲ್ಲಿ ಮೀನು ಹಿಡಿದ ಕೂಡಲೇ ಕಲ್ಲಾಗುವುದನ್ನೂ, ಎಷ್ಟೋ ದಿನದ ಮೇಲೆ ಬೇಯಿಸಿದರೂ ತಾಜಾ ರುಚಿಯೇ ಇರುವುದನ್ನೂ ಅಲ್ಲಿನ ಇನುಯಿಟ್ ಜನರಿಂದ ಕಲಿತ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, 1920ರ ದಶಕದಲ್ಲಿ ಅದನ್ನೇ ಯಂತ್ರಕ್ಕೆ ಇಳಿಸಿದ. ನಮ್ಮ ಅಡುಗೆಮನೆಯ ಗುಂಡಿ ಆ ವಂಶದ ಕಿರಿಯ ಕುಡಿ.

ಮೈಸೂರು-ಮಂಡ್ಯದ ಮನೆಗಳಲ್ಲಿ ಈ ಗುಂಡಿಗೆ ನಿಜವಾದ ಪರೀಕ್ಷೆ ಅವರೆಕಾಯಿ ಕಾಲದಲ್ಲಿ. ಡಿಸೆಂಬರ್-ಜನವರಿಯಲ್ಲಿ ಸೊಗಡಿನ ಕಾಯಿ ಮೂಟೆಗಟ್ಟಲೆ ಬರುತ್ತದೆ. ಯುಗಾದಿ ಹೊತ್ತಿಗೆ ಹಿದುಕಿದ ಬೇಳೆ ಸಾರು ಬೇಕೆನಿಸಿದರೆ ಫ್ರೀಜರೇ ಗತಿ. ಸುಲಿದ ಕಾಳನ್ನು ಹಸಿಯಾಗಿಯೇ ಕವರಿಗೆ ಸುರಿದು ಇಡುವುದು ಸುಲಭ. ಎರಡು ತಿಂಗಳಲ್ಲಿ ಅದು ಬಣ್ಣಗೆಟ್ಟು ಒಣಹುಲ್ಲಿನ ವಾಸನೆ ಹೊಡೆಯುವುದೂ ಅಷ್ಟೇ ಸುಲಭ. ಕಾಳಿನೊಳಗಿನ ಕಿಣ್ವಗಳು ಚಳಿಗೆ ಮಂಕಾಗುತ್ತವೆಯೇ ಹೊರತು ಸಾಯುವುದಿಲ್ಲ. ಅವುಗಳನ್ನು ಅಡಗಿಸುವುದು ಕುದಿನೀರು. ಅರ್ಧ ಕಿಲೋ ಕಾಳಿಗೆ ನಾಲ್ಕು ಲೀಟರ್ ನೀರು ಚೆನ್ನಾಗಿ ಕುದಿಯುತ್ತಿರಬೇಕು. ಕಾಳು ಹಾಕಿದ ಮೇಲೆ ನೀರು ಮತ್ತೆ ಕುದಿ ಬಂದದ್ದೇ ಎರಡು ನಿಮಿಷ, ಹಿದುಕಿದ ಬೇಳೆಯಾದರೆ ಒಂದೇ ನಿಮಿಷ. ಬಸಿದು ತಕ್ಷಣ ಐಸ್ ನೀರಿಗೆ ಹಾಕಬೇಕು. ಇಲ್ಲಿ ಉದಾಸೀನ ಮಾಡಿದರೆ ಕಾಳು ತನ್ನ ಬಿಸಿಯಲ್ಲೇ ಬೆಂದು ಮುದ್ದೆಯಾಗುತ್ತದೆ. ಆಮೇಲೆ ಹತ್ತಿಬಟ್ಟೆಯ ಮೇಲೆ ಹರಡಿ ತೇವ ಒರೆಸಬೇಕು. ಈ ಒರೆಸುವ ಕೆಲಸವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಆಮೇಲೆ ಕಾಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಯಿತು ಅಂತ ಫ್ರಿಡ್ಜನ್ನು ಬೈಯುತ್ತಾರೆ.

ಒರೆಸಿದ ಕಾಳನ್ನು ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಮೊದಲೇ ಗುಂಡಿ ಒತ್ತಿಟ್ಟ ಫ್ರೀಜರಿನಲ್ಲಿ ಎರಡು ಮೂರು ಗಂಟೆ ಇಟ್ಟರೆ ಕಾಳು ಗೋಲಿಯಂತೆ ಬಿಡಿಬಿಡಿಯಾಗಿ ಉರುಳುತ್ತದೆ. ಆಗ ಕವರಿಗೆ ತುಂಬಿ, ಗಾಳಿ ಪೂರ್ತಿ ಹಿಂಡಿ, ಚಪ್ಪಟೆಯಾಗಿ ಮಲಗಿಸಬೇಕು. ಗಾಳಿ ಉಳಿದರೆ ಕಾಳಿನ ತೇವ ಆರಿ ಹೊರಮೈ ಬೆಳ್ಳಗೆ ಸುಕ್ಕಾಗುತ್ತದೆ. ತಟ್ಟೆ ಪ್ಲಾಸ್ಟಿಕ್ಕಿನದಾದರೆ ಗುಂಡಿಯ ಅರ್ಧ ಕಷ್ಟ ವ್ಯರ್ಥ, ಅದು ಚಳಿಯನ್ನು ತಡೆದು ನಿಲ್ಲಿಸುತ್ತದೆ. ದಪ್ಪವೂ ಹಾಗೆಯೇ: ಪೊಟ್ಟಣದ ದಪ್ಪ ಅರ್ಧ ಮಾಡಿದರೆ ಗಟ್ಟಿಯಾಗುವ ಸಮಯ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ತೆಂಗಿನ ತುರಿಗೂ ಇದೇ ನ್ಯಾಯ. ಅದಕ್ಕೆ ಕುದಿನೀರಿನ ಉಪಚಾರ ಬೇಡ.

ಎಲ್ಲವೂ ಈ ಗುಂಡಿಗೆ ಒಗ್ಗುವುದಿಲ್ಲ. ಮೈಸೂರು ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿಡಬಹುದು, ಫ್ರೀಜರಿಗೆ ಹೋದರೆ ಕರಗುವಾಗ ದಳ ಕಂದಿ ಮೆತ್ತಗಾಗುತ್ತದೆ. ನಂಜನಗೂಡು ರಸಬಾಳೆಗೆ ಫ್ರಿಡ್ಜಿನ ಗಾಳಿಯೇ ಬೇಡ, ಸಿಪ್ಪೆ ಕಪ್ಪಾಗುತ್ತದೆ. ಸೋಡಾ ಬಾಟಲಿಯಂತೂ ಖಂಡಿತ ಇಡಬಾರದು. ನೀರು ಐಸಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ಗಾಜು ಹಿಗ್ಗುವುದಿಲ್ಲ.

ಬಿಸಿ ಸಾರಿನ ತಪ್ಪಲೆಯನ್ನು ಹಾಗೇ ಒಳಗಿಟ್ಟು ‘ಕೂಲ್’ ಒತ್ತುವುದು ಇನ್ನೊಂದು ಅಭ್ಯಾಸ. ಹಬೆ ಎದ್ದು, ಪಕ್ಕದ ಹಾಲು ಮೊಸರಿಗೂ ಬಿಸಿ ತಾಗಿ, ತಪ್ಪಲೆಯ ನಡುಭಾಗ ಮಾತ್ರ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಹಾಗಂತ ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಡುವುದೂ ತಪ್ಪು. ಎರಡು ಗಂಟೆಯೊಳಗೆ, ಬೇಸಿಗೆಯಾದರೆ ಒಂದು ಗಂಟೆಯೊಳಗೆ ಅದು ಫ್ರಿಡ್ಜ್ ಸೇರಬೇಕು. ಅಗಲವಾದ ಪಾತ್ರೆಗೆ ಸುರಿದು, ಬೇಸಿನ್ನಿನ ತಣ್ಣೀರಿನಲ್ಲಿ ನಿಲ್ಲಿಸಿ, ನೀರು ಒಂದೆರಡು ಸಲ ಬದಲಿಸಿ ಸೌಟಾಡಿಸಿದರೆ ಬಿಸಿಯ ಬಹುಪಾಲು ಅಲ್ಲೇ ಇಳಿಯುತ್ತದೆ. ಯಾವ ಗುಂಡಿಗೂ ಇಷ್ಟು ವೇಗ ಇಲ್ಲ.

ಗುಂಡಿ ಒತ್ತಿದ ದಿನ ಫ್ರಿಡ್ಜ್ ಗುರ್ ಎನ್ನುತ್ತದೆ, ಪಕ್ಕೆ ಮುಟ್ಟಿದರೆ ಬಿಸಿ. “ರೀ, ಫ್ರಿಡ್ಜಿಗೆ ಜ್ವರ ಬಂದ ಹಾಗಿದೆ, ಮೆಕ್ಯಾನಿಕ್ಕನ್ನ ಕರೀರಿ” ಅನ್ನಬೇಕಾಗಿಲ್ಲ. ಒಳಗಿನಿಂದ ತೆಗೆದ ಶಾಖ ಹೊರಬರುವ ಕೊಳವೆಗಳು ಬಹಳಷ್ಟು ಮಾದರಿಗಳಲ್ಲಿ ಆ ಪಕ್ಕೆಯೊಳಗೇ ಇರುತ್ತವೆ. ಗೋಡೆಗೆ ಒತ್ತಿ ನಿಲ್ಲಿಸಿದ್ದರೆ ಮಾತ್ರ ಸ್ವಲ್ಪ ಎಳೆಯಿರಿ. ಆರಿಸುವ ತಲೆನೋವೂ ಸಾಮಾನ್ಯವಾಗಿ ಇಲ್ಲ: ಮಾದರಿಗೆ ತಕ್ಕಂತೆ ‘ಕೂಲ್’ ಕೆಲವು ಗಂಟೆಗಳಲ್ಲಿ, ‘ಫ್ರೀಜ್’ ಒಂದೆರಡು ದಿನದಲ್ಲಿ ತಾನೇ ಆರುತ್ತದೆ.

ಒಂದೇ ಬಾಗಿಲಿನ ಫ್ರಿಡ್ಜಿನಲ್ಲಿ ಈ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ, ತಿರುಗಿಸುವ ತಿರುಪು ಇರುತ್ತದೆ. ಅದರ ಮೇಲಿನ 1ರಿಂದ 7 ಡಿಗ್ರಿಯಲ್ಲ, ಚಳಿಯ ದರ್ಜೆ. ಏಳಕ್ಕೆ ತಿರುಗಿಸಿದರೆ ಫ್ರೀಜರಿನ ಜೊತೆ ಕೆಳಗಿನ ಸೌತೆಕಾಯಿಗೂ ಚಳಿ. ಐಸ್ ಪದರ ಅರ್ಧ ಸೆಂಟಿಮೀಟರ್ ದಾಟಿದ್ದರೆ ಮೊದಲು ಡಿಫ್ರಾಸ್ಟ್ ಒತ್ತಬೇಕು, ಆ ಐಸೇ ಕಂಬಳಿಯಾಗಿ ಚಳಿಯನ್ನು ತಡೆಯುತ್ತದೆ. ಅಂಟಿದ ಟ್ರೇಯನ್ನು ಚಾಕುವಿನಿಂದ ಎಬ್ಬಿಸಲು ಹೋದರೆ ಅಲ್ಯೂಮಿನಿಯಂ ತಗಡಿಗೆ ತೂತು ಬಿದ್ದು ಗ್ಯಾಸೆಲ್ಲ ಸೋರಿಹೋಗುತ್ತದೆ. ಅದರ ರಿಪೇರಿ ಖರ್ಚಿನ ಮುಂದೆ ಐಸಿನ ಆಸೆ ತಾನೇ ಕರಗುತ್ತದೆ.

ಗುಂಡಿಗೆ ಇನ್ನೊಂದು ಉಪಯೋಗವಿದೆ. ನಾಳೆ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ ಎಂಬ ವಿದ್ಯುತ್ ಕಂಪನಿ ಸೆಸ್ಕ್‌ನ ಪ್ರಕಟಣೆ ಪೇಪರಿನಲ್ಲಿ ಕಂಡರೆ ಹಿಂದಿನ ರಾತ್ರಿಯೇ ಒತ್ತಿಬಿಡಿ, ಖಾಲಿ ಜಾಗದಲ್ಲಿ ನೀರಿನ ಡಬ್ಬಗಳನ್ನಿಡಿ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಕೆಳಗಿನ ಭಾಗಕ್ಕೆ ನಾಲ್ಕೇ ಗಂಟೆ. ಊರಿಗೆ ಹೋಗುವವರು ಒಂದು ಲೋಟ ನೀರನ್ನು ಗಟ್ಟಿ ಮಾಡಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು ಬಾಗಿಲು ಹಾಕಬಹುದು. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ಲೋಟದ ತಳದಲ್ಲಿ ಐಸಿನೊಳಗೆ ಹೂತು ಕೂತಿದ್ದರೆ, ಕರೆಂಟ್ ಹೋಗಿ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದೇ ಲೆಕ್ಕ; ಮಾಂಸ ಹೊರಗೆ ಹೋಗಬೇಕು, ಅವರೆಕಾಳೂ.