‘ಬರೀ ವೈರಲ್’ ಎನ್ನಬೇಡಿ

ಬೆಳಿಗ್ಗೆ ಮೆಡಿಕಲ್ ಸ್ಟೋರಿನಿಂದ ಬಂದವನು ಕಾಫಿಯನ್ನೂ ಕುಡಿಯದೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಬೀದಿಯ ಹಿರಿಯರೊಬ್ಬರು ಅಲ್ಲಿ ಗಾಜಿನ ಪೆಟ್ಟಿಗೆಯ ಅಂಚು ಹಿಡಿದು ನಿಂತಿದ್ದರು. ಕಣ್ಣು ಕೆಂಪಗಾಗಿತ್ತು, ಮಫ್ಲರ್ ಸುತ್ತಿಕೊಂಡಿದ್ದರೂ ಮೈ ನಡುಗುತ್ತಿತ್ತು. ಅವರಿಗೆ ಹೃದಯದ ಬೈಪಾಸ್ ಆಪರೇಶನ್ ಆಗಿ ಎರಡು ವರ್ಷ. ಮೂರು ದಿನದಿಂದ ಜ್ವರ. ಅಂಗಡಿಯ ಹುಡುಗ ಮಾತ್ರೆಯ ಹಾಳೆ ಕತ್ತರಿಸಿ ಕೊಡುತ್ತಾ, ‘ಬರೀ ವೈರಲ್ ಅಜ್ಜ, ಊರಿಗೆಲ್ಲ ಬಂದಿದೆ’ ಎಂದ. ಅವರೂ ತಲೆಯಾಡಿಸಿ ತೋಟಕ್ಕೆ ನೀರು ಬಿಡಲು ಹೊರಟರು.

ಬರೀ ವೈರಲ್! ಈ ಮಾತು ಕಿವಿಗೆ ಬಿದ್ದರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ನಮ್ಮ ಅಪ್ಪ ಹೃದಯಾಘಾತದಿಂದ ತೀರಿಕೊಂಡದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಇಷ್ಟೇ: ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ಅವರಿಗೆ ಜ್ವರ ಬಂದಾಗ ಇದೇ ಮಾತನ್ನು ಹೇಳಿದವನು ನಾನು. ಐದನೆಯ ರಾತ್ರಿ ಜಗಲಿಯಲ್ಲಿ ಕುಳಿತು, ಬೆವರಿದ ಎದೆಯನ್ನು ಟವೆಲಿನಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ‘ಗ್ಯಾಸ್ಟ್ರಿಕ್ ಇರಬೇಕು ಕಣಪ್ಪಾ’ ಎಂದರು. ನಾನು ನಂಬಿದೆ.

‘ಹೃದಯಾಘಾತಕ್ಕೆ ಸಕ್ಕರೆ, ಬಿಪಿ, ಬೀಡಿ ಕಾರಣ, ಜ್ವರವಲ್ಲ’ ಎನ್ನುವವರಿದ್ದಾರೆ. ಅವು ಕಾರಣವೇ, ಯಾರು ಅಲ್ಲವೆಂದರು? ಆದರೆ ಕೆನಡಾದ ಒಂಟಾರಿಯೊದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಫ್ಲೂ, ಅಂದರೆ ಇನ್‌ಫ್ಲುಯೆಂಜಾ ವೈರಸ್ಸಿನ ಜ್ವರ, ಖಚಿತವಾದವರ 364 ಹೃದಯಾಘಾತಗಳನ್ನು ತೆಗೆದುಕೊಂಡು, ಪ್ರತಿಯೊಬ್ಬರ ಸೋಂಕಿನ ದಿನಗಳನ್ನು ಅವರದೇ ಉಳಿದ ದಿನಗಳೊಂದಿಗೆ ಹೋಲಿಸಿದರು. ಸೋಂಕು ಪತ್ತೆಯಾದ ಮೊದಲ 7 ದಿನಗಳಲ್ಲಿ ಅಪಾಯ ಉಳಿದ ದಿನಗಳಿಗಿಂತ ಸುಮಾರು 6 ಪಟ್ಟು ಹೆಚ್ಚಿತ್ತು. ಮನುಷ್ಯ ಅವನೇ, ಸಕ್ಕರೆಯೂ ಅದೇ, ಬೀಡಿಯೂ ಅದೇ. ಹೊಸದಾಗಿ ಬಂದದ್ದು ಸೋಂಕು.

ಜ್ವರದಲ್ಲಿ ಹೃದಯ ಜೋರಾಗಿ ಬಡಿಯುತ್ತದೆ, ಹೆಚ್ಚು ಆಮ್ಲಜನಕ ಕೇಳುತ್ತದೆ. ಕಿರಿದಾದ ರಕ್ತನಾಳ ಎಲ್ಲಿಂದ ತಂದುಕೊಟ್ಟೀತು? ಮೇಲಾಗಿ ಮೈತುಂಬ ಉರಿಯೂತ. ನಾಳದ ಗೋಡೆಗೆ ಕಟ್ಟಿದ ಕೊಬ್ಬಿನ ಗಂಟು ಬಿರಿಯಬಹುದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ದಾರಿಯೇ ಬಂದ್.

2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಹೇಗೆ ಮುಗಿಬಿದ್ದರು, ನೆನಪಿದೆಯೇ? ಕೋವಿಡ್ ಲಸಿಕೆಯ ಮೇಲೆ ಬೆರಳು ತೋರಿಸಿದರು. ತಜ್ಞರ ಸಮಿತಿಗೆ ಅಂಥ ಸಂಬಂಧ ಕಾಣಲಿಲ್ಲ. ಅಷ್ಟು ಹೆದರಿದ ನಮ್ಮಲ್ಲಿ ಎಷ್ಟು ಮಂದಿ ಮನೆಯ ಹೃದ್ರೋಗಿಗೆ ಫ್ಲೂ ಲಸಿಕೆ ಹಾಕಿಸಿದೆವು? ಬಾಂಗ್ಲಾದೇಶವೂ ಸೇರಿ 8 ದೇಶಗಳಲ್ಲಿ, ಬಹುತೇಕ ಹೃದಯಾಘಾತವಾದವರ ಮೇಲೆಯೇ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ವರ್ಷದೊಳಗೆ ಸತ್ತವರು ಲಸಿಕೆ ಪಡೆದವರಲ್ಲಿ ಶೇ 2.9, ಪಡೆಯದವರಲ್ಲಿ ಶೇ 4.9.

ಅಪ್ಪನ ಫೈಲಿನಲ್ಲಿ ವೈದ್ಯರು ಕೈಯಿಂದಲೇ ‘ಫ್ಲೂ ಲಸಿಕೆ, ಪ್ರತಿ ವರ್ಷ’ ಎಂದು ಬರೆದಿದ್ದರು. ತಿಥಿ ಮುಗಿದ ಮೇಲೆ ಅದನ್ನು ಓದಿದೆ.

ಆ ಹಿರಿಯರನ್ನು ತೋಟಕ್ಕೆ ಹೋಗಲು ನಾನು ಬಿಡಲಿಲ್ಲ. ಆಟೊದಲ್ಲಿ ಕೂರಿಸಿ ಅವರ ಮಗನಿಗೆ ಫೋನ್ ಮಾಡಿದೆ: ಇಸಿಜಿ ತೆಗೆಸು, ವೈದ್ಯರು ಹೇಳುವವರೆಗೆ ಮನೆಗೆ ಕರೆತರಬೇಡ. ಇನ್ನೂ ಅವನ ಫೋನ್ ಬಂದಿಲ್ಲ.