ಎರಡರ ಮಗ್ಗಿ

2025ರ ಜೂನ್‌ನಲ್ಲಿ ವೈಟ್‌ಫೀಲ್ಡ್ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಿ ದಿನದ ಕೆಲಸವನ್ನು 9 ಗಂಟೆಯಿಂದ 10ಕ್ಕೆ, ಓಟಿ ಸೇರಿದರೆ 12ಕ್ಕೆ ಏರಿಸುವ ಪ್ರಸ್ತಾವ ಬಂದಿತ್ತು. ಹಿಂದಿನ ವರ್ಷ ಐಟಿಯವರಿಗೆ 14 ಗಂಟೆ ಅಂತ ಹೊರಟು ಗಲಾಟೆ ಆಗಿತ್ತಲ್ಲ, ಆ ಸಿಟ್ಟೇ ಇನ್ನೂ ಆರಿರಲಿಲ್ಲ. 'ನಾವೇನು ಜೀತದಾಳುಗಳಾ?' ಅಂತ ಬಿ ಬ್ಲಾಕಿನವರು ಕೇಳಿದರು. ನಾನೂ ಒಂದು ಮುಷ್ಟಿ ಎಮೋಜಿ ಹಾಕಿದೆ.

ಅದರ ಕೆಳಗೇ ಇನ್ನೊಂದು ಮೆಸೇಜು. 'ಗೇಟಿನ ಸೆಕ್ಯೂರಿಟಿ ಬೆಳಗಿನ ಜಾವ 4ಕ್ಕೆ ತೂಕಡಿಸುತ್ತಿದ್ದಾನೆ, ಸಿಸಿಟಿವಿ ಕ್ಲಿಪ್ ನೋಡಿ, ಏಜೆನ್ಸಿಗೆ ಹೇಳಿ ಬದಲಾಯಿಸಿ.'

ಅವನ ಪಾಳಿ ರಾತ್ರಿ 8ರಿಂದ ಬೆಳಗ್ಗೆ 8. ಸರ್ಕಾರ ಇನ್ನೂ ಯೋಚನೆ ಮಾಡುತ್ತಿದ್ದ 12 ಗಂಟೆಯನ್ನು ನಾವು ಯಾವ ತಿದ್ದುಪಡಿಯೂ ಇಲ್ಲದೆ ಗೇಟಿನಲ್ಲಿ ಜಾರಿ ಮಾಡಿ ಎಷ್ಟೋ ವರ್ಷ ಆಗಿತ್ತು! 24ನ್ನು ಮೂರರಿಂದ ಭಾಗಿಸಿದರೆ 8 ಬರುತ್ತೆ, ಆದರೆ ನಮ್ಮ ಅಸೋಸಿಯೇಷನ್ನಿಗೆ ಎರಡರ ಮಗ್ಗಿ ಮಾತ್ರ ಗೊತ್ತು. ಮೂರನೇ ಪಾಳಿ ಅಂದರೆ ಮೇಂಟೆನೆನ್ಸ್ ಜಾಸ್ತಿ ಆಗುತ್ತಲ್ಲ. ಮೀಟಿಂಗಿನಲ್ಲಿ ನಾನು ಮೆಲ್ಲಗೆ ಕೇಳಿದ್ದಕ್ಕೆ ಖಜಾಂಚಿಗಳು, 'ಅವರಿಗೇ 12 ಗಂಟೆ ಬೇಕು ಸಾರ್, ರೂಮಲ್ಲಿ ಸುಮ್ನೆ ಕೂತು ಏನ್ ಮಾಡ್ತಾರೆ?' ಅಂದರು. ನಮ್ಮ ಎಚ್‌ಆರ್ ನಮಗೆ ಹೇಳುವುದೂ ಇದನ್ನೇ, ಇಂಗ್ಲಿಷಿನಲ್ಲಿ ಅಷ್ಟೇ.

ಗಾರ್ಡುಗಳಿಗೂ ಕನಿಷ್ಠ ಕೂಲಿ ನಿಗದಿಯಾಗಿದೆ. ಮಾಮೂಲಿ ಹೊತ್ತು ಮೀರಿ ದುಡಿಸಿದರೆ ದುಪ್ಪಟ್ಟು ಕೊಡಬೇಕು. ಕಡಿಮೆಗೆ ಒಪ್ಪಿ ಸಹಿ ಹಾಕಿದ್ದರೂ ಆ ಸಹಿ ನಡೆಯಲ್ಲ. 1948ರ ಕನಿಷ್ಠ ವೇತನ ಕಾಯ್ದೆ ಹೋಗಿ ಅದರ ಜಾಗಕ್ಕೆ ವೇತನ ಸಂಹಿತೆ ಬಂದಿದೆ, ಆದರೂ ದುಪ್ಪಟ್ಟು ದುಪ್ಪಟ್ಟೇ. ಏಜೆನ್ಸಿಯವರಿಗೂ ಈ 'ಡಬಲ್' ಚೆನ್ನಾಗಿ ಗೊತ್ತು. ಕಾನೂನು ಅದನ್ನು ಕೂಲಿಯ ಪಕ್ಕದಲ್ಲಿ ಬರೆದಿದೆ, ಇವರು ಡ್ಯೂಟಿಯ ಪಕ್ಕದಲ್ಲಿ ಓದಿಕೊಂಡಿದ್ದಾರೆ. ಮುಂದಿನ ಪಾಳಿಗೆ ಬರಬೇಕಾದ ರಿಲೀವರ್ ಬರಲಿಲ್ಲವಾ, ಡಬಲ್ ಡ್ಯೂಟಿ, 24 ಗಂಟೆ.

ಮೊನ್ನೆ ನಾನು ಆಫೀಸಿನಿಂದ ಬಂದಾಗ ರಾತ್ರಿ 11. ಗೇಟಿನಲ್ಲಿ ಹಗಲು ಪಾಳಿಯ ರಾಯಚೂರಿನ ಹುಡುಗನೇ ನಿಂತಿದ್ದ. ಸಲ್ಯೂಟ್ ಹೊಡೆದು ಗೇಟು ತೆಗೆಯುತ್ತಾ, ನನ್ನ ಮುಖ ನೋಡಿ ಅಯ್ಯೋ ಪಾಪ ಅನ್ನುವ ಹಾಗೆ ಕೇಳಿದ:

'ಯಾಕ್ರೀ ಸಾರ್, ನಿಮಗೂ ಡಬಲ್ ಡ್ಯೂಟಿ ಏನ್ರೀ?'