ವಾಕ್ಯಕ್ಕೊಂದು ಸಾಲು

ಸಾಫ್ಟ್‌ವೇರ್ ಕೈಪಿಡಿ ಬರೆಯುವವರು ನಾಲ್ಕು ಜನ ಸೇರಿದರೆ ಮಾತು ಹೋಗಿ ನಿಲ್ಲುವುದು ಒಂದೇ ಜಗಳದಲ್ಲಿ: ಶೀರ್ಷಿಕೆ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸಿ ಬರೆಯುವ ಪಠ್ಯ ವಿಧಾನಗಳಲ್ಲಿ ಮಾರ್ಕ್‌ಡೌನ್ ಒಳ್ಳೆಯದೋ, ಆಸ್ಕಿಡಾಕ್ ಒಳ್ಳೆಯದೋ, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಒಳ್ಳೆಯದೋ. ನನಗೂ ಒಂದು ಪಕ್ಷವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಯಾವುದರಲ್ಲಿ ಬೇಕಾದರೂ ಬರೆಯಿರಿ, ಆದರೆ ಒಂದು ವಾಕ್ಯ ಮುಗಿದ ಕೂಡಲೇ ಎಂಟರ್ ಒತ್ತಿ, ಮುಂದಿನ ವಾಕ್ಯವನ್ನು ಹೊಸ ಸಾಲಿನಲ್ಲಿ ಶುರು ಮಾಡಿ. ಇದು ನನ್ನ ಹಟ.

ಹೊಸದಾಗಿ ತಂಡ ಸೇರಿದವರು ಇದನ್ನು ಕೇಳಿ ಮುಖ ಸಿಂಡರಿಸುತ್ತಾರೆ. ನವ್ಯ ಕವಿತೆಯ ಹಾಗೆ ಕಾಣುತ್ತದೆ ಎನ್ನುತ್ತಾರೆ. ಕಾಣಲಿ ಬಿಡಿ. ಈ ಮೂರರಲ್ಲೂ ಪ್ಯಾರಾ ಬೇರೆಯಾಗುವುದು ನಡುವೆ ಖಾಲಿ ಸಾಲು ಬಿಟ್ಟಾಗ. ಒಂದೇ ಸಲ ಎಂಟರ್ ಒತ್ತಿದರೆ ಅಚ್ಚಾಗುವ ಪುಟದಲ್ಲಿ ವಾಕ್ಯಗಳು ಕೂಡಿಕೊಂಡು ಮಾಮೂಲಿ ಪ್ಯಾರಾ ಆಗಿಯೇ ಬರುತ್ತವೆ. ಓದುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಗೊತ್ತಾಗುವುದು ತಿದ್ದುವವರಿಗೆ. ‘ಸರ್ವರ್ ಉತ್ತರಿಸದಿದ್ದರೆ 30 ಸೆಕೆಂಡ್ ಕಾಯಿರಿ’ ಎಂಬ ವಾಕ್ಯ ಒಂದು ದೊಡ್ಡ ಪ್ಯಾರಾದ ಮಧ್ಯದಲ್ಲಿದೆ ಎಂದುಕೊಳ್ಳಿ. ಯಾರೋ 30 ಅನ್ನು 300 ಮಾಡಿ, ಜೊತೆಗೆ ನಾಲ್ಕು ಪದ ಸೇರಿಸುತ್ತಾರೆ. ಅಳತೆಗೆ ಸರಿಯಾಗಿ ಸಾಲು ಮುರಿಯುವ ಅಭ್ಯಾಸದವರಾದರೆ ಎಡಿಟರ್ ತಂತ್ರಾಂಶ ಆ ಪ್ಯಾರಾವನ್ನು ಮತ್ತೆ ಜೋಡಿಸುತ್ತದೆ, ಅಲ್ಲಿಂದ ಮುಂದೆ ಪ್ರತಿ ಸಾಲಿನ ಕೊನೆಯ ಪದವೂ ಕೆಳಗೆ ಜಾರುತ್ತದೆ. ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ ಗಿಟ್, ಅಲ್ಲಿಂದಾಚೆಯ ಪ್ಯಾರಾವನ್ನೆಲ್ಲ ಕೆಂಪಿನಲ್ಲಿ ಅಳಿಸಿ ಹಸಿರಿನಲ್ಲಿ ಮತ್ತೆ ಬರೆದು ತೋರಿಸುತ್ತದೆ. ಪರಿಶೀಲಿಸಬೇಕಾದ ಎಂಜಿನಿಯರ್ ಒಮ್ಮೆ ಕಣ್ಣಾಡಿಸಿ ‘ಒಪ್ಪಿಗೆ’ ಒತ್ತುತ್ತಾನೆ. ಅವನನ್ನು ದೂರಿ ಫಲವಿಲ್ಲ, ಆ ಗದ್ದಲದಲ್ಲಿ ಒಂದು ಸೊನ್ನೆ ಯಾರ ಕಣ್ಣಿಗೂ ಬೀಳುವುದಿಲ್ಲ. ವಾಕ್ಯಕ್ಕೊಂದು ಸಾಲಿದ್ದಿದ್ದರೆ ಕೆಂಪು ಒಂದೇ ಸಾಲು, ಹಸಿರು ಒಂದೇ ಸಾಲು. ಐದು ನಿಮಿಷ ಕಾಯುವುದೇಕೆ ಎಂದು ಅವನೇ ಕೇಳುತ್ತಿದ್ದ. ಎರಡು ವರ್ಷದ ನಂತರ ಅದೇ ಪ್ರಶ್ನೆ ಎದ್ದರೂ ಆ ಸಾಲನ್ನು ಯಾರು, ಯಾವತ್ತು, ಏನು ಕಾರಣ ಬರೆದು ಬದಲಿಸಿದರು ಎಂಬುದು ಗಿಟ್‌ನಲ್ಲಿ ಸಿಗುತ್ತದೆ.

ಇದೇನೂ ನನ್ನ ಆವಿಷ್ಕಾರವಲ್ಲ. ಬೆಲ್ ಲ್ಯಾಬ್ಸ್‌ನ ಬ್ರಯನ್ ಕರ್ನಿಹನ್ 1974ರಲ್ಲೇ, ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಹೊಸಬರಾದವರಿಗಾಗಿ ಬರೆದ ಕಿರುಕೈಪಿಡಿಯಲ್ಲಿ, ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಆರಂಭಿಸಿ ಎಂದಿದ್ದರು. ಜನ ಬರಹ ತಿದ್ದುವುದೇ ವಾಕ್ಯ ಸೇರಿಸಿ, ತೆಗೆದು, ಹಿಂದೆಮುಂದೆ ಮಾಡಿ, ಹಾಗಾಗಿ ಮುಂದಿನ ಕೆಲಸ ಹಗುರವಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಗಿಟ್ ಹುಟ್ಟಿದ್ದು 2005ರಲ್ಲಿ. ಮೂವತ್ತೊಂದು ವರ್ಷ ಮೊದಲೇ ಹೇಳಿದ ಬುದ್ಧಿಮಾತನ್ನು ನಾವು ಇನ್ನೂ ಚರ್ಚಿಸುತ್ತಿದ್ದೇವೆ.

ಕನ್ನಡದಲ್ಲಿ ಬರೆಯುವಾಗ ಇನ್ನೊಂದು ಲಾಭವಿದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ತೆರೆದು, ಆಯ್ದು, ನಮೂದಿಸಿ, ಪರಿಶೀಲಿಸಿದ ನಂತರ’ ಎಂದು ಸುತ್ತೋಲೆಯ ಧಾಟಿಯಲ್ಲಿ ಎಳೆಯುತ್ತ ಹೋದರೆ ಯಾವ ಗುಂಡಿ ಒತ್ತಬೇಕೆಂಬುದು ತಿಳಿಯುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಅಂಥ ವಾಕ್ಯ ಪ್ಯಾರಾದೊಳಗೆ ಅಡಗಿ ಕೂರುತ್ತದೆ. ಒಂಟಿ ಸಾಲಿನಲ್ಲಿಟ್ಟರೆ ಪರದೆಯ ಅಂಚು ದಾಟಿ ತಾನಾಗಿ ಸಿಕ್ಕಿಬೀಳುತ್ತದೆ.

ಇನ್ನು ನನ್ನ ಪಕ್ಷ. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಮಾರ್ಕ್‌ಡೌನ್ ಒಂದೆರಡು ಪುಟದ ಟಿಪ್ಪಣಿಗೆ ಬಲು ಚೆನ್ನ. ದೊಡ್ಡ ಕೈಪಿಡಿಗೆ ಸಾಲದು. ಮೂಲದಲ್ಲಿ ಕೋಷ್ಟಕವೇ ಇಲ್ಲ, ಎಚ್ಚರಿಕೆಯ ಚೌಕಟ್ಟಿಲ್ಲ, ಒಂದು ಕಡತವನ್ನು ಇನ್ನೊಂದರೊಳಗೆ ಸೇರಿಸುವ ದಾರಿಯಿಲ್ಲ. ಒಂದೊಂದು ಸಲಕರಣೆ ಒಂದೊಂದು ರೀತಿ ತೇಪೆ ಹಚ್ಚಿಕೊಂಡಿದೆ. ಸ್ಟುವರ್ಟ್ ರಾಕಮ್ 2002ರಲ್ಲಿ ಶುರು ಮಾಡಿದ ಆಸ್ಕಿಡಾಕ್‌ನಲ್ಲಿ ಇವೆಲ್ಲ ಇವೆ. ಗಿಟ್‌ನ ಸ್ವಂತ ಕೈಪಿಡಿ ಪುಟಗಳೂ ಅದರಲ್ಲೇ ಇವೆ.

ಪೈಥಾನ್‌ನವರೂ ಲಿನಕ್ಸ್ ಕರ್ನೆಲ್‌ನವರೂ ನೆಚ್ಚಿರುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಕೂಡ ಶಕ್ತಿಶಾಲಿಯೇ. ಆದರೆ ಅದರಲ್ಲಿ ಶೀರ್ಷಿಕೆಯ ಕೆಳಗೆ ಕನಿಷ್ಠ ಅಷ್ಟಾದರೂ ಉದ್ದದ ಗೆರೆ ಎಳೆಯಬೇಕು. ‘ಸ್ಥಾಪನೆ’ ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಏಳು. ಕಣ್ಣಳತೆಯಲ್ಲಿ ಸರಿಯೆನಿಸಿದ ಗೆರೆ ಗಿಡ್ಡವಾಯಿತೆಂದು ಯಂತ್ರ ತಕರಾರು ತೆಗೆಯುತ್ತದೆ. ಆಸ್ಕಿಡಾಕ್‌ನಲ್ಲಿ ಮುಂದೆ ಎರಡು == ಹಾಕಿದರೆ ಮುಗಿಯಿತು. ಕೋಷ್ಟಕದ ಕಂಬಗಳನ್ನು ಮೂಲ ಕಡತದಲ್ಲೇ ನೇರ ನಿಲ್ಲಿಸುವ ಚಪಲವನ್ನೂ ಬಿಡಿ, ಕನ್ನಡದ ಅಕ್ಷರಗಳು ಸಮ ಅಗಲಕ್ಕೆ ಒಗ್ಗುವುದಿಲ್ಲ.

ಮೈಕ್ರೋಸಾಫ್ಟ್ ವರ್ಡ್ ಬಿಡಲು ಒಲ್ಲದವರ ವಾದದಲ್ಲೂ ಹುರುಳಿಲ್ಲದಿಲ್ಲ. ಅಂಚಿನಲ್ಲಿ ಟಿಪ್ಪಣಿ ಬರೆದು ಕಳಿಸುವ ಸುಖ ಅಲ್ಲಿದೆ, ಗಿಟ್ ಕಲಿಯದ ವಿಷಯತಜ್ಞರಿಗೆ ಅದೇ ಅನುಕೂಲ. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ಒಂದೇ ಕೈಪಿಡಿಗೆ ‘ಅಂತಿಮ’, ‘ಅಂತಿಮ ಹೊಸದು’, ‘ಇದೇ ಅಂತಿಮ’ ಎಂಬ ಮೂರು ಕಡತಗಳಿದ್ದವು. ಗ್ರಾಹಕರಿಗೆ ಹೋದದ್ದು ನಡುವಿನದು. ಆ ಸುಖಕ್ಕೆ ಇಷ್ಟು ಬೆಲೆ ನನಗೆ ದುಬಾರಿಯೆನಿಸುತ್ತದೆ.

ಹಳೆಯ ವರ್ಡ್ ಕಡತಗಳನ್ನು ಪ್ಯಾನ್‌ಡಾಕ್ ಎಂಬ ಸಲಕರಣೆ ಪರಿವರ್ತಿಸಿ ಕೊಡುತ್ತದೆ. ಸುಮ್ಮನೆ ಬಿಟ್ಟರೆ ಅದು 72 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತದೆ, ಹಾಗೆ ಮುರಿಯದಂತೆ ಆ ಆಯ್ಕೆಯನ್ನು ಮೊದಲೇ ನಿಲ್ಲಿಸಿಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದರೆ ಅದಕ್ಕೂ ಮುಂಚೆ ಯುನಿಕೋಡ್‌ಗೆ ತನ್ನಿ, ಇಲ್ಲವಾದರೆ ಕೈಗೆ ಬರುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಬಳಿಕ ಇಡೀ ಕೈಪಿಡಿಯನ್ನು ಒಂದೇ ದಿನ ಸಾಲುಸಾಲಾಗಿ ಒಡೆಯಲು ಕೂರಬೇಡಿ. ತಿದ್ದಲು ಕೈಹಾಕಿದ ಪ್ಯಾರಾವನ್ನು ಮಾತ್ರ ಒಡೆಯಿರಿ. ಒಡೆದದ್ದು ಒಂದು ಕಮಿಟ್ (ಗಿಟ್‌ನಲ್ಲಿ ಒಮ್ಮೆಗೆ ದಾಖಲಿಸುವ ಬದಲಾವಣೆ), ತಿದ್ದಿದ್ದು ಇನ್ನೊಂದು ಕಮಿಟ್. ಎರಡನ್ನೂ ಬೆರೆಸಿ ಕಳಿಸಿದರೆ ನಾನಂತೂ ಹಿಂದಿರುಗಿಸುತ್ತೇನೆ.